ಒಂದು ಮುಸಿಯ, ಹತ್ತು ಸಾವಿರ ಅಕ್ಷರ

ಪ್ರಶ್ನೆ: ನಮ್ಮದು ಗೇರುಸೊಪ್ಪದ ಹತ್ತಿರ ಚಿಕ್ಕ ಅಡಿಕೆ ತೋಟ. ತೋಟದ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಕಳೆದ ಫೆಬ್ರವರಿಯಲ್ಲಿ ಬೆಟ್ಟದ ಅಂಚಿನಲ್ಲಿ ಒಂದು ಮುಸಿಯ ಸತ್ತು ಬಿದ್ದಿತ್ತು. ಆಸ್ಪತ್ರೆಗೆ ಫೋನು ಮಾಡಿದೆವು. ಬಂದವರು ಮಾದರಿ ತೆಗೆದುಕೊಂಡರು, ಬಟ್ಟೆ ಎಳೆದು ಉಣುಗು ಹಿಡಿದುಕೊಂಡು ಹೋದರು. ಅವರಲ್ಲೊಬ್ಬರು, "ಮಂಗನ ಕಾಯಿಲೆ ಹೌದೆಂದಾದರೆ ವೈರಸ್ಸಿನ ಜೀನೋಮ್ ಕೂಡ ಓದಬಹುದು" ಎಂದರು. ಕಾಯಿಲೆ ಇದೆಯೋ ಇಲ್ಲವೋ ಗೊತ್ತಾದರೆ ಸಾಲದೇ? ಜೀನೋಮ್ ಓದುವುದರಿಂದ ನಮ್ಮಂಥವರಿಗೆ ಏನು ಉಪಯೋಗ? ಈ ಕಾಯಿಲೆ ನಮ್ಮ ಕಡೆಗೆ ಎಲ್ಲಿಂದ ಬಂತು ಎಂಬುದೂ ಅದರಲ್ಲಿ ಬರೆದಿರುತ್ತದೆಯೇ?
– ಓದುಗರು, ಗೇರುಸೊಪ್ಪ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೇ ಮೊದಲು ಕೈಹಾಕುತ್ತೇನೆ. ಎಲ್ಲಿಂದ ಬಂತು, ಹೆಚ್ಚುಕಡಿಮೆ ಯಾವಾಗ ಬಂತು ಎನ್ನುವುದು ಬಹುಮಟ್ಟಿಗೆ ಜೀನೋಮಿನಲ್ಲಿ ಬರೆದಿರುತ್ತದೆ. ಯಾಕೆ ಬಂತು, ಬಂದದ್ದು ನಿಮ್ಮ ಬೆಟ್ಟದ ಅಂಚಿನಲ್ಲೇ ಯಾಕೆ ನೆಲೆನಿಂತಿತು ಎನ್ನುವುದು ಅಲ್ಲಿ ಸಿಗುವುದಿಲ್ಲ. ಅದು ಸಿಗುವುದು ನೀವು ಗುಡಿಸಿ ತರುವ ಒಣ ಎಲೆಯ ದರಕಿನಲ್ಲಿ, ದನ ಮೇಯಲು ಹೋಗುವ ದಾರಿಯಲ್ಲಿ, ಮುಸಿಯ ಬಿದ್ದ ಆ ಜಾಗದಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಮಾತ್ರ ಪೂರ್ತಿ ಉತ್ತರ. ನೀವು ಅಂದು ಮಾಡಿದ ಫೋನು ಈ ಎರಡನ್ನೂ ಕೂಡಿಸುವ ಕೊಂಡಿ. ಅದು ಎಷ್ಟು ದೊಡ್ಡ ಕೆಲಸ ಎಂದು ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ, ಈ ಉತ್ತರ ಮುಗಿಯುವುದರೊಳಗೆ ನಾನಾದರೂ ಹೇಳಿಯೇನು.

ಮೊದಲೇ ಒಂದು ಮಾತು. ಈಗಲೂ ಕೆಲವರು ಇದನ್ನು 'ಮಂಗನಬಾವು' ಎಂದು ಬರೆಯುತ್ತಾರೆ. ಮಂಗನಬಾವು ಎಂದರೆ ಮಕ್ಕಳಿಗೆ ಕೆನ್ನೆ ಊದಿಕೊಳ್ಳುವ ಕೆಪ್ಪಟೆ. ಅದಕ್ಕೂ ಮಂಗಕ್ಕೂ ಸಂಬಂಧವಿಲ್ಲ. ನಾವು ಮಾತಾಡುತ್ತಿರುವುದು ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ. ಉಣುಗಿನಿಂದ ಬರುವ ವೈರಸ್ ಜ್ವರ.

ಕ್ಯಾಸನೂರು ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಊರು. 1957ರ ಬೇಸಿಗೆಗೆ ಮುಂಚೆ ಸೊರಬ, ಸಾಗರದ ಕಾಡುಗಳಲ್ಲಿ ಮಂಗಗಳು ಒಂದರ ಹಿಂದೊಂದು ಸಾಯತೊಡಗಿದವು. ಜೊತೆಯಲ್ಲೇ ಕಾಡಿಗೆ ಹೋಗಿಬಂದ ಜನರಿಗೂ ತಲೆ ಸಿಡಿಯುವ ಜ್ವರ. ಪುಣೆಯಲ್ಲಿ ಆಗ ವೈರಸ್ ರಿಸರ್ಚ್ ಸೆಂಟರ್ ಶುರುವಾಗಿ ಐದು ವರ್ಷವಾಗಿತ್ತು. ಐಸಿಎಂಆರ್ ಮತ್ತು ರಾಕ್‌ಫೆಲ್ಲರ್ ಫೌಂಡೇಶನ್ ಕೂಡಿ ಕಟ್ಟಿದ ಸಂಸ್ಥೆ ಅದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. ಅಲ್ಲಿನ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಮೊದಲು ಬಂದ ಭಯ ಬೇರೆಯೇ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಇಂಡಿಯಾಕ್ಕೂ ಕಾಲಿಟ್ಟಿತೇ ಎಂದು. ಅದಾಗಿರಲಿಲ್ಲ. ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ ಹೊಸದು. ಅದರ ನೆಂಟಸ್ತಿಕೆ ಮಾತ್ರ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್ಸುಗಳ ಕಡೆಗಿತ್ತು.

ಅಲ್ಲಿಂದಲೇ 'ಎಲ್ಲಿಂದ ಬಂತು' ಎಂಬ ನಿಮ್ಮ ಪ್ರಶ್ನೆಯೂ ಹುಟ್ಟಿತು. ರಷ್ಯಾದ ನೆಂಟ ಸೊರಬದಲ್ಲಿ ಹೇಗೆ? ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳ ಮೈಮೇಲೆ ಉಣುಗು ಕೂತು ಬಂದಿರಬಹುದೇ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುಮಾಡಿದ್ದರ ಹಿಂದೆ ಈ ಅನುಮಾನವೂ ಒಂದು. ನಮ್ಮ ದೇಶದಲ್ಲಿ ಹಕ್ಕಿ ವಲಸೆಯ ಅಧ್ಯಯನ ಬೆಳೆದದ್ದರಲ್ಲಿ ಸೊರಬದ ಸತ್ತ ಮಂಗಗಳದ್ದೂ ಒಂದು ಪಾಲಿದೆ ಎಂದರೆ ಇಂದಿಗೆ ನಂಬುವುದು ಕಷ್ಟ.

ಆ ಕಾಲದವರ ಕೈಯಲ್ಲಿ ಇದ್ದದ್ದು ಇಲಿಮರಿಗಳು ಮತ್ತು ರಕ್ತದ ಪರೀಕ್ಷೆ. ಈ ವೈರಸ್ಸು ಆ ವೈರಸ್ಸಿನ ಹಾಗೆ ಕಾಣುತ್ತದೆ ಎನ್ನಬಹುದಿತ್ತು. ಎಷ್ಟು ಹತ್ತಿರದ ಸಂಬಂಧ, ಎಷ್ಟು ತಲೆಮಾರಿನ ಹಿಂದೆ ಬೇರೆಯಾದದ್ದು ಎಂದು ಹೇಳಲು ದಾರಿಯಿರಲಿಲ್ಲ. ಆ ದಾರಿ ತೆರೆದದ್ದು ಜೀನೋಮ್.

ಜೀನೋಮ್ ಎಂದರೇನು ಎನ್ನುವುದನ್ನು ನಿಮ್ಮ ಕಡೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಹೊನ್ನಾವರ ಸೀಮೆಯಲ್ಲಿ ಯಕ್ಷಗಾನ ಪ್ರಸಂಗದ ಕೈಬರಹದ ಪ್ರತಿಗಳು ಇನ್ನೂ ಕೆಲವರ ಮನೆಯ ಪೆಟ್ಟಿಗೆಗಳಲ್ಲಿವೆ. ಒಬ್ಬ ಭಾಗವತರ ಪ್ರತಿಯನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು, ಅದನ್ನು ನೋಡಿ ಮತ್ತೊಬ್ಬರು. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದು ಸಹಜ. ಒಮ್ಮೆ ತಪ್ಪಿದ ಅಕ್ಷರ ಮುಂದಿನ ನಕಲಿಗೂ ಹಾಗೆಯೇ ಇಳಿಯುತ್ತದೆ. ಹತ್ತು ಪ್ರತಿಗಳನ್ನು ಹರಡಿಕೊಂಡು ಕೂತ ಗ್ರಂಥ ಸಂಪಾದಕ, ಈ ಮೂರು ಪ್ರತಿಗಳಲ್ಲಿ ಒಂದೇ ಕಡೆ ಒಂದೇ ತಪ್ಪಿದೆ, ಆದ್ದರಿಂದ ಇವು ಒಂದೇ ತಾಯಿಪ್ರತಿಯ ಮಕ್ಕಳು ಎಂದು ಗುರುತು ಹಾಕುತ್ತಾನೆ. ಯಾವುದು ಯಾವುದರಿಂದ ಇಳಿದು ಬಂತು ಎಂಬ ವಂಶವೃಕ್ಷವೇ ಸಿದ್ಧವಾಗುತ್ತದೆ. ಅದಕ್ಕೆ ಸರಿಯಾದ ಅಕ್ಷರಗಳಿಗಿಂತ ತಪ್ಪಿದ ಅಕ್ಷರಗಳೇ ಹೆಚ್ಚು ಸಹಾಯ ಮಾಡುವುದು.

ವೈರಸ್ಸಿನ ಜೀನೋಮ್ ಓದುವವರು ಮಾಡುವುದೂ ಇದನ್ನೇ. ಕ್ಯಾಸನೂರು ವೈರಸ್ಸಿನ ಜೀನೋಮ್ ಒಂದೇ ಎಳೆಯ ಆರ್‌ಎನ್‌ಎ. ಅದರಲ್ಲಿರುವುದು 10,774 ಅಕ್ಷರ. ಅಕ್ಷರಗಳ ಬಗೆ ನಾಲ್ಕೇ ನಾಲ್ಕು. ಕೋವಿಡ್ ವೈರಸ್ಸಿನಲ್ಲಿ ಸುಮಾರು 30,000 ಅಕ್ಷರ, ನಮ್ಮ ನಿಮ್ಮ ಜೀನೋಮಿನಲ್ಲಿ ಸುಮಾರು 300 ಕೋಟಿ. ಅವುಗಳ ಮುಂದೆ ಇದು ಪುಟ್ಟ ಹೊತ್ತಗೆ. ಈ ಹತ್ತು ಸಾವಿರ ಅಕ್ಷರದಲ್ಲಿ ಬರೆದಿರುವುದು ಹತ್ತು ಪ್ರೋಟೀನುಗಳ ತಯಾರಿಕೆ. ಮೂರು ವೈರಸ್ಸಿನ ಮೈ ಕಟ್ಟಲು, ಏಳು ಅದು ಹೊಕ್ಕ ಜೀವಕೋಶದಲ್ಲಿ ತನ್ನ ನಕಲು ತೆಗೆದುಕೊಳ್ಳಲು. ಒಬ್ಬ ಮನುಷ್ಯನ ಬದುಕನ್ನು ಹದಿನೈದು ದಿನದಲ್ಲಿ ಬುಡಮೇಲು ಮಾಡುವುದಕ್ಕೆ ಇಷ್ಟು ಬರಹ ಸಾಕು ಎನ್ನುವುದು ನನ್ನನ್ನು ಇವತ್ತಿಗೂ ನಡುಗಿಸುತ್ತದೆ.

ಓದುವುದು ಹೇಗೆ? ರೋಗಿಯ ರಕ್ತದಿಂದಲೋ, ಸತ್ತ ಮಂಗದ ಅಂಗಾಂಶದಿಂದಲೋ, ಒಂದೇ ಜಾಗದಲ್ಲಿ ಹಿಡಿದ ಉಣುಗುಗಳನ್ನು ಒಟ್ಟಿಗೆ ಅರೆದ ರಸದಿಂದಲೋ ಆರ್‌ಎನ್‌ಎ ತೆಗೆಯುತ್ತಾರೆ. ಅದು ಬೇಗ ಹಾಳಾಗುವ ವಸ್ತು, ಬಿಸಿಲು ತಗುಲಿದರೆ ಮುಗಿಯಿತು. ನಿಮ್ಮಲ್ಲಿಗೆ ಬಂದವರು ಐಸ್ ತುಂಬಿದ ಡಬ್ಬಿ ಹಿಡಿದು ಅವಸರ ಮಾಡಿದ್ದರೆ ಕಾರಣ ಇದು. ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸಿ, ಸಾವಿರಾರು ತುಂಡುಗಳಾಗಿ ಯಂತ್ರಕ್ಕೆ ಕೊಟ್ಟು ಓದಿಸಿ, ತುಂಡುಗಳ ತುದಿಗಳನ್ನು ಹೊಂದಿಸಿ ಮತ್ತೆ ಒಂದೇ ಬರಹವಾಗಿ ಜೋಡಿಸುತ್ತಾರೆ. ಬದುಕಿರುವ ವೈರಸ್ ಮುಟ್ಟುವ ಕೆಲಸವೆಲ್ಲ ಬಿಗಿ ಭದ್ರತೆಯ ಪ್ರಯೋಗಾಲಯದೊಳಗೆ. ಹಿಂದಿನ ಕಾಲದಲ್ಲಿ ಈ ವೈರಸ್ಸಿನ ಮೇಲೆ ಕೆಲಸ ಮಾಡಿದ ಎಷ್ಟೋ ಮಂದಿಗೆ ಪ್ರಯೋಗಾಲಯದಲ್ಲೇ ಕಾಯಿಲೆ ತಗುಲಿತ್ತು. ನಮಗಿಂದು ಗೊತ್ತಿರುವುದೆಲ್ಲ ಅಂಥವರು ಮೈಮೇಲೆ ಎಳೆದುಕೊಂಡು ಕಲಿಸಿದ್ದು.

ಈಗ ನೆಂಟರ ವಿಷಯ. 1995ರಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ಮಾಂಸ ಕಡಿಯುವ ಒಬ್ಬರ ರಕ್ತದಲ್ಲಿ ಒಂದು ವೈರಸ್ ಸಿಕ್ಕಿತು. ಅಲ್ಖುರ್ಮಾ ಎಂದು ಹೆಸರಿಟ್ಟರು. ಅದೂ ಉಣುಗಿನದೇ, ಕುರಿ ಮತ್ತು ಒಂಟೆಗಳ ಒಡನಾಟದವರಿಗೆ ಬರುವಂಥದು. ಜೀನೋಮ್ ಹೋಲಿಸಿ ನೋಡಿದರೆ ಕ್ಯಾಸನೂರು ವೈರಸ್ಸಿನ ತೀರ ಹತ್ತಿರದ ದಾಯಾದಿ ಅದೇ. ಸೈಬೀರಿಯಾದ ನೆಂಟರೆಲ್ಲ ಅದಕ್ಕಿಂತ ದೂರ. ಎರಡೂ ಪೂರ್ಣ ಜೀನೋಮುಗಳನ್ನು ಇಟ್ಟುಕೊಂಡು 2011ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿತು: ಇವೆರಡೂ ಬೇರೆಯಾಗಿ ಸುಮಾರು 700 ವರ್ಷ ಆಗಿರಬಹುದು.

ಏಳುನೂರು ವರ್ಷ ಎಂದ ಕೂಡಲೇ ಹೊನ್ನಾವರದವರ ಕಿವಿ ನಿಮಿರಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ನಿಮ್ಮ ಹೊನ್ನಾವರದ ಬಂದರಿನಲ್ಲಿ ಇಳಿದಿದ್ದ. ಅರಬರ ಹಡಗುಗಳು ಕುದುರೆ ತುಂಬಿಕೊಂಡು ಈ ಕರಾವಳಿಗೆ ಬರುತ್ತಿದ್ದ ಕಾಲ ಅದು. ಆಮೇಲೆ ಭಟ್ಕಳದಲ್ಲಿ ಇಳಿದ ಕುದುರೆ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿತ್ತು. ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿಯ ಮೆಣಸು ಇದೇ ಕಡಲಲ್ಲಿ ಹೋಯಿತು. ಪ್ರಾಣಿ ಬಂದ ಮೇಲೆ ಅದರ ಕಿವಿಯಲ್ಲಿ ಉಣುಗೂ ಬಂದಿರಬಾರದೇಕೆ? ಈ ಯೋಚನೆ ನನಗೂ ಬಹಳ ಹಿಡಿಸಿತ್ತು, ಎರಡು ದಿನ ಇದೇ ಗುಂಗಿನಲ್ಲಿದ್ದೆ. ಆದರೆ ಇದನ್ನು ನಿಜವೆಂದು ಹೇಳಲಾರೆ. ಜೀನೋಮಿನ ಗಡಿಯಾರ ನಡೆಯುವುದು ಅಕ್ಷರ ತಪ್ಪುವ ವೇಗದ ಮೇಲೆ. ವೇಗವನ್ನು ಕೊಂಚ ಬೇರೆಯಾಗಿ ಎಣಿಸಿದರೆ ವರ್ಷಗಳು ನೂರಾರು ಆಚೀಚೆ ಸರಿಯುತ್ತವೆ. ಹಾಯಿಹಡಗು ತಂದಿತೋ, ಹಕ್ಕಿ ತಂದಿತೋ, ಎರಡಕ್ಕೂ ತಾಯಿಯಾದ ವೈರಸ್ ನಡುವಿನ ಯಾವುದೋ ನಾಡಿನಲ್ಲಿತ್ತೋ, ಅದನ್ನು ಎರಡು ತುದಿಯ ಪ್ರತಿಗಳಷ್ಟೇ ಇಟ್ಟುಕೊಂಡು ಹೇಳಲು ಬರುವುದಿಲ್ಲ. ಒಂದು ಮಾತ್ರ ಖಚಿತವಾಗಿ ಹೇಳಬಹುದು. 1957ರಲ್ಲಿ ಕಂಡದ್ದು 1957ರಲ್ಲಿ ಹುಟ್ಟಿದ್ದಲ್ಲ.

ಇನ್ನು ಹತ್ತಿರದ ಚರಿತ್ರೆ. ನಿಮಗೆ ಹೆಚ್ಚು ಬೇಕಾದದ್ದು ಇದು. ಎನ್‌ಐವಿಯ ಪ್ರಜ್ಞಾ ಯಾದವ್ ಮತ್ತು ಸಂಗಡಿಗರು 2020ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1957ರಿಂದ 2017ರವರೆಗೆ ಸಿಕ್ಕ ವೈರಸ್ಸುಗಳ 48 ಪೂರ್ಣ ಜೀನೋಮುಗಳನ್ನು ಒಂದೆಡೆ ಹರಡಿಕೊಂಡು ನೋಡಿದ ಕೆಲಸ. ಅದರಲ್ಲಿ 46ನ್ನು ಓದಿದ್ದು ಅವರೇ. ಪುಣೆಯ ಶೀತಪೆಟ್ಟಿಗೆಗಳಲ್ಲಿ ದಶಕಗಟ್ಟಲೆ ಕಾದಿಟ್ಟ ಹಳೆಯ ಮಾದರಿಗಳನ್ನು ತೆಗೆದು ಹೊಸ ಯಂತ್ರದಲ್ಲಿ ಓದುವುದೆಂದರೆ ಅಜ್ಜನ ಕಾಲದ ಪೆಟ್ಟಿಗೆ ತೆರೆದ ಹಾಗೆಯೇ.

ಅವರು ಕಂಡದ್ದು ಇದು. ಮೊದಲ ಕಾಲದ, ಅಂದರೆ 1957ರಿಂದ 1972ರವರೆಗಿನ ಕರ್ನಾಟಕದ ವೈರಸ್ಸುಗಳು ಒಂದು ಗುಂಪು. 2006ರಿಂದ 2017ರವರೆಗೆ ಬೇರೆ ಬೇರೆ ಪ್ರದೇಶಗಳಿಗೆ ಹರಡಿದ ವೈರಸ್ಸುಗಳು ಇನ್ನೊಂದು. ಎರಡರ ನಡುವೆ ಸುಮಾರು ಶೇಕಡಾ 2.76 ವ್ಯತ್ಯಾಸ. ಹತ್ತು ಸಾವಿರದಲ್ಲಿ ಹೆಚ್ಚುಕಡಿಮೆ ಮುನ್ನೂರು ಅಕ್ಷರ ಎಂದುಕೊಳ್ಳಿ. ಈ ಹೊಸ ಕವಲು ಬೇರೆಯಾದದ್ದು 1980ರ ಆಸುಪಾಸಿನಲ್ಲಿ. ಕರ್ನಾಟಕದಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ವೈರಸ್ ಸರಿದ ಜಾಡು ಅದರಲ್ಲಿ ಕಾಣುತ್ತದೆ. ಸುಮಾರು 2013ರಿಂದ ಮಹಾರಾಷ್ಟ್ರವೇ ಮುಂದಿನ ಹರಡುವಿಕೆಗೆ ಹೊಸ ಮೂಲವಾಯಿತು.

ಈ ಇಸವಿಗಳನ್ನು ಸುದ್ದಿಯ ಇಸವಿಗಳ ಪಕ್ಕ ಇಟ್ಟು ನೋಡಿ. ಅರ್ಧ ಶತಮಾನ ಈ ಕಾಯಿಲೆ ನಮ್ಮ ಮಲೆನಾಡು–ಕರಾವಳಿಯ ಕೆಲವೇ ಜಿಲ್ಲೆಗಳದ್ದು ಎಂದುಕೊಂಡಿದ್ದರು. 2012ರ ಕೊನೆಗೆ ಬಂಡೀಪುರದಲ್ಲಿ ಕಂಡಿತು, 2013ರಲ್ಲಿ ವಯನಾಡಿನಲ್ಲಿ, 2015ರಲ್ಲಿ ಗೋವಾದ ಸತ್ತರಿ ಕಡೆ, 2016ರಲ್ಲಿ ಸಿಂಧುದುರ್ಗದಲ್ಲಿ. ಪತ್ರಿಕೆಗಳು 'ಹೊಸ ಊರಿಗೆ ಲಗ್ಗೆ' ಎಂದು ಬರೆದವು. ಜೀನೋಮಿನ ಲೆಕ್ಕದಲ್ಲಿ ಹೊರಟ ಕವಲು 1980ರ ಸುಮಾರಿನದು, ಮಹಾರಾಷ್ಟ್ರದಲ್ಲಿ ನೆಲೆನಿಂತದ್ದು ಸುದ್ದಿಯಾಗುವುದಕ್ಕೆ ಮೂರು ವರ್ಷ ಮೊದಲು. ನಮಗೆ ಕಂಡ ದಿನ ಬೇರೆ, ಅದು ಬಂದ ದಿನ ಬೇರೆ. ನಡುವಿನ ವರ್ಷಗಳಲ್ಲಿ ಜ್ವರ ಬಂದು ಸತ್ತವರ ಚೀಟಿಯಲ್ಲಿ ಏನೆಂದು ಬರೆದರೋ!

ನನಗೆ ಆ ಅಧ್ಯಯನದಲ್ಲಿ ಅತಿ ಹೆಚ್ಚು ಕಾಡಿದ್ದು ಅದರ ತೆರವು. ಒಂದು ಗುಂಪು 1972ಕ್ಕೆ ಮುಗಿಯುತ್ತದೆ, ಇನ್ನೊಂದು 2006ಕ್ಕೆ ಶುರುವಾಗುತ್ತದೆ. ಕವಲು ಒಡೆದದ್ದೇ ಈ ಎರಡರ ನಡುವೆ. ಅದೇ ತೆರವಿನಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಈ ಕಾಯಿಲೆಯ ದೊಡ್ಡ ಹಾವಳಿ ಆಗಿತ್ತು. ಗೇರು ನೆಡುವುದಕ್ಕೆ ಕಾಡು ಕಡಿದ ಜಾಗದ ಸುತ್ತ ಅದು ಶುರುವಾಯಿತು. ವಂಶವೃಕ್ಷದಲ್ಲಿ ಅತಿ ಮುಖ್ಯವಾದ ಕೊಂಬೆ ಯಾವ ಕಾಡಿನಲ್ಲಿ ಒಡೆಯಿತು ಎಂದು ಕೇಳಿದರೆ ಉತ್ತರ ಸಿಗಬೇಕಾದದ್ದು ಆ ಮೂವತ್ತು ಚಿಲ್ಲರೆ ವರ್ಷಗಳ ಮಾದರಿಗಳಲ್ಲಿ. ಜೀನೋಮ್ ಓದುವ ಯಂತ್ರ ಈಗ ಎಷ್ಟು ಚೆನ್ನಾಗಿದ್ದರೂ ಅಂದು ಯಾರೂ ತೆಗೆದಿಡದ ಮಾದರಿಯನ್ನು ಓದಲಾರದು. ಕಾಯಿಲೆ ಇದೆಯೋ ಇಲ್ಲವೋ ಗೊತ್ತಾದರೆ ಸಾಲದೇ ಎಂದು ಕೇಳಿದಿರಲ್ಲ, ಸಾಲದು ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದು. ಹೌದು–ಇಲ್ಲ ಎಂಬ ಉತ್ತರ ಆ ಬೇಸಿಗೆಗೆ ಮುಗಿಯುತ್ತದೆ. ಜೀನೋಮ್ ಇನ್ನು ಮೂವತ್ತು ವರ್ಷ ಕಳೆದ ಮೇಲೆ ಬರುವವರ ಪ್ರಶ್ನೆಗೂ ಬಾಯಿ ತೆರೆಯುತ್ತದೆ.

ಬೇರೆ ಉಪಯೋಗಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಈಗ ಜ್ವರದ ಮೊದಲ ದಿನಗಳಲ್ಲೇ ಕಾಯಿಲೆ ಪತ್ತೆ ಮಾಡುವ ಆರ್‌ಟಿ–ಪಿಸಿಆರ್ ಪರೀಕ್ಷೆ ವೈರಸ್ಸಿನ ಕೆಲವು ಗೊತ್ತಾದ ಅಕ್ಷರಗಳನ್ನೇ ಹುಡುಕುವುದು. ಆ ಜಾಗದಲ್ಲೇ ಅಕ್ಷರ ಬದಲಾದರೆ ಪರೀಕ್ಷೆ ವೈರಸ್ಸನ್ನು ಕಾಣದೆ ಬಿಡಬಹುದು. ಆಗಾಗ ಓದಿ ನೋಡುತ್ತಿದ್ದರೆ ಪರೀಕ್ಷೆಯನ್ನು ತಿದ್ದಿಕೊಳ್ಳಬಹುದು. ಲಸಿಕೆಯದ್ದೂ ಹಾಗೆಯೇ. ನಿಮ್ಮ ಕಡೆಯ ಎಷ್ಟೋ ಮಂದಿ ತೋಳಿಗೆ ಹಾಕಿಸಿಕೊಂಡ ಲಸಿಕೆ ಆರಂಭದ ವರ್ಷಗಳ ವೈರಸ್ಸಿನಿಂದ ಮಾಡಿದ್ದು. 2005ರಿಂದ 2010ರ ಅಂಕಿ ನೋಡಿದಾಗ ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಅದರ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಕೂಡಿದರೆ 83ರ ಹತ್ತಿರ. ಆಮೇಲಿನ ಹಾವಳಿಗಳಲ್ಲಿ ಅಷ್ಟೂ ಕಾಣಲಿಲ್ಲ. ಈಗ ಆ ಲಸಿಕೆ ನಿಂತುಹೋಗಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸದನ್ನು ತಯಾರಿಸುವ ಕೆಲಸದಲ್ಲಿವೆ. ಹಳೆಯದು ಸೋತದ್ದಕ್ಕೆ ಆ ಮುನ್ನೂರು ಅಕ್ಷರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ವೈರಸ್ಸಿನ ಹೊರಕವಚದ ಪ್ರೋಟೀನಿನ 123ನೆಯ ಸ್ಥಾನದಲ್ಲಿ ಆದ ಒಂದು ಬದಲಾವಣೆ ವೈರಸ್ಸಿಗೆ ಅನುಕೂಲವಾಗಿ ಉಳಿದುಕೊಂಡಂತಿದೆ ಎಂದು ಅದೇ ಅಧ್ಯಯನ ಗುರುತಿಸಿದೆ. ನಮ್ಮ ದೇಹ ವೈರಸ್ಸನ್ನು ಗುರುತು ಹಿಡಿಯುವುದು ಮುಖ್ಯವಾಗಿ ಈ ಹೊರಕವಚದಿಂದ. ಹೊಸ ಲಸಿಕೆ ಮಾಡುವವರು ಇವತ್ತಿನ ಕಾಡಿನ ವೈರಸ್ಸನ್ನು ಎದುರಿಗಿಟ್ಟುಕೊಂಡೇ ಪರೀಕ್ಷಿಸಬೇಕು. ಇವತ್ತಿನ ವೈರಸ್ ಎಲ್ಲಿಂದ ಸಿಗಬೇಕು? ನಿಮ್ಮಂಥವರು ಫೋನು ಮಾಡಿದ ಕಾಡಂಚಿನಿಂದ.

ಈಗ ಜೀನೋಮ್ ಹೇಳದ ಭಾಗಕ್ಕೆ ಬರುತ್ತೇನೆ.

ಒಮ್ಮೆ ಸಿದ್ದಾಪುರದ ಕಡೆ ಉಣುಗು ಹಿಡಿಯುವವರ ಜೊತೆ ಅರ್ಧ ದಿನ ನಡೆದಿದ್ದೆ. ಅವರ ಕೈಯಲ್ಲಿ ಒಂದು ಬಿಳಿ ಫ್ಲಾನೆಲ್ ಬಟ್ಟೆ, ಅದರ ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ಕಾಲುದಾರಿಯ ಪಕ್ಕದ ದರಕಿನ ಮೇಲೆ ಬಟ್ಟೆಯನ್ನು ಮೆಲ್ಲಗೆ ಎಳೆಯುವುದು, ಹತ್ತು ಹೆಜ್ಜೆಗೊಮ್ಮೆ ತಿರುಗಿಸಿ ನೋಡುವುದು. ಮೊದಲು ನನಗೇನೂ ಕಾಣಲಿಲ್ಲ, ಮಣ್ಣಿನ ಕಣ ಎಂದುಕೊಂಡೆ. ಕಣ ಅಲುಗಿತು. ಎಳ್ಳಿಗಿಂತ ಸಣ್ಣದು, ಬೆಲ್ಲದ ಬಣ್ಣ, ಎಂಟು ಕಾಲು. ಮುಂದಿನೆರಡು ಕಾಲನ್ನು ಮೇಲೆತ್ತಿ, ಗಾಳಿಯಲ್ಲಿ ಏನನ್ನೋ ತಡಕುವಂತೆ ಆಡಿಸುತ್ತಿತ್ತು. ಆ ಕಾಲುಗಳ ತುದಿಯಲ್ಲಿ ಉಸಿರಿನ ವಾಸನೆ, ಮೈಯ ಬಿಸಿ ಗುರುತಿಸುವ ಅಂಗವಿದೆ. ಅದು ಹುಡುಕುತ್ತಿದ್ದದ್ದು ನನ್ನನ್ನು. ಅವರಲ್ಲೊಬ್ಬ ಹುಡುಗ ಚಿಮಟದ ತುದಿಯಿಂದ ಅದನ್ನೆತ್ತಿ ಸಣ್ಣ ಕೊಳವೆಗೆ ಹಾಕಿದ. ಕೊಳವೆಯ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು, ಊರು, ಜಾಗ ಬರೆದ. ಪೆನ್ಸಿಲ್ ಯಾಕೆ ಎಂದೆ. "ಪೆನ್ನಿಂದು ಸ್ಪಿರಿಟ್ ತಾಗಿದ್ರೆ ಅಳಿಸಿ ಹೋಗ್ತು, ಪೆನ್ಸಿಲಿಂದು ಹೋಗ್ತಿಲ್ಲೆ" ಎಂದ.

ಕ್ಯಾಸನೂರು ವೈರಸ್ಸಿಗೆ ಮುಖ್ಯ ವಾಹನ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಉಣುಗು. ಮಳೆಗಾಲ ಕಳೆದ ಮೇಲೆ ಆರು ಕಾಲಿನ ಮರಿಗಳು ಹೊರಬರುತ್ತವೆ. ಇಲಿ, ಅಳಿಲು, ಹಕ್ಕಿ, ಮಂಗ, ಸಿಕ್ಕಿದ್ದರ ರಕ್ತ ಕುಡಿದು ಕಳಚಿ ಬಿದ್ದು, ಪೊರೆ ಬಿಟ್ಟು ಎಂಟು ಕಾಲಿನ ನಿಂಫ್ ಆಗುತ್ತವೆ. ಡಿಸೆಂಬರಿನಿಂದ ಮೇ ವರೆಗೆ ದರಕಿನಲ್ಲಿ ಕಾದು ಕೂರುವುದು ಈ ನಿಂಫ್. ಮನುಷ್ಯನಿಗೆ ಕಚ್ಚಿ ಕಾಯಿಲೆ ತರುವುದೂ ಹೆಚ್ಚಾಗಿ ಇದೇ. ಅಡಿಕೆ ಕೊಯ್ಲು, ದರಕು ಗುಡಿಸುವುದು, ಕಟ್ಟಿಗೆ ತರುವುದು, ನಿಮ್ಮ ಕಾಡಿನ ಕೆಲಸವೆಲ್ಲ ಅದೇ ತಿಂಗಳುಗಳಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಬಲಿತ ಉಣುಗು ದೊಡ್ಡ ಪ್ರಾಣಿಯ ಮೈಗೆ ಹತ್ತುತ್ತದೆ. ಕಾಡಂಚಿನಲ್ಲಿ ದೊಡ್ಡ ಪ್ರಾಣಿ ಎಂದರೆ ದನ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಅದರ ರಕ್ತ ಕುಡಿದ ಒಂದೊಂದು ಹೆಣ್ಣು ಉಣುಗೂ ಸಾವಿರಾರು ಮೊಟ್ಟೆ ಇಡುತ್ತದೆ.

ಈ ಲೆಕ್ಕವನ್ನು ಮೊದಲು ಕಟ್ಟಿಕೊಟ್ಟವರಲ್ಲಿ ದೊಡ್ಡ ಹೆಸರು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್. ತಮ್ಮ ದೇಶದಲ್ಲಿ, ಮರ ಕಡಿದು ಉರುಳಿಸಿದಾಗ ತುದಿಯಲ್ಲಿದ್ದ ಸೊಳ್ಳೆಗಳು ಮರಕಡಿಯುವವರ ಮೇಲೆ ಮುತ್ತುವುದನ್ನು ನೋಡಿ ಕಾಡಿನ ಹಳದಿ ಜ್ವರದ ಗುಟ್ಟು ಹಿಡಿದವರು ಅವರು. 1960ರ ದಶಕದಲ್ಲಿ ಸಾಗರ–ಸೊರಬದ ಕಾಡು ಸುತ್ತಿ, ಕಂಡದ್ದನ್ನು 1969ರಲ್ಲಿ ಬರೆದರು. ಅವರ ಮಾತಿನ ತಿರುಳು: ದಟ್ಟ ಕಾಡಿನೊಳಗೆ ವೈರಸ್ ಸಣ್ಣ ಪ್ರಾಣಿಗಳ ನಡುವೆ ತಣ್ಣಗೆ ಬದುಕಿಕೊಂಡಿತ್ತು. ಜನ ಹೆಚ್ಚಿ, ಕಾಡು ಕಡಿದು ಗದ್ದೆ ತೋಟ ಮಾಡಿ, ಕಾಡೊಳಗೆ ದನ ಬಿಟ್ಟಾಗ ಉಣುಗಿಗೆ ಹಿಂದೆಂದೂ ಸಿಗದಷ್ಟು ರಕ್ತ ಸಿಕ್ಕಿತು. ಉಣುಗು ಹೆಚ್ಚಿತು, ಮಂಗಗಳಿಗೆ ತಗುಲಿತು. ಮಂಗದ ಮೈಯಲ್ಲಿ ವೈರಸ್ ಬಹಳ ಬೇಗ ಹೆಚ್ಚುತ್ತದೆ. ಅದು ಸತ್ತು ಬಿದ್ದು ಮೈ ತಣ್ಣಗಾದ ಕೂಡಲೇ ಮೈಮೇಲಿನ ನೂರಾರು ಉಣುಗುಗಳು ಇಳಿದು ಸುತ್ತಲಿನ ದರಕಿಗೆ ಸೇರುತ್ತವೆ. ನಿಮ್ಮ ಬೆಟ್ಟದಂಚಿನ ಆ ಜಾಗವನ್ನು ತಿಂಗಳುಗಟ್ಟಲೆ ದೂರವಿಡಿ ಎಂದು ಹೇಳುವುದು ಇದಕ್ಕೇ.

ಐವತ್ತು ವರ್ಷದ ಮೇಲೆ, 2020ರಲ್ಲಿ, ಬ್ರಿಟನ್ನಿನ ವಿಜ್ಞಾನಿ ಬೆಥನ್ ಪರ್ಸ್ ಅವರ ಜೊತೆ ಬೆಂಗಳೂರಿನ ಏಟ್ರೀ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಮುಂತಾದ ಸಂಸ್ಥೆಗಳವರು ಕೂಡಿ ಕಾಯಿಲೆ ಬಂದ ಊರುಗಳನ್ನು ಕಾಡಿನ ನಕ್ಷೆಯ ಮೇಲೆ ಇಟ್ಟು ನೋಡಿದರು. ಕಾಯಿಲೆ ಹೆಚ್ಚಿದ್ದದ್ದು ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ತೇಪೆ ತೇಪೆಯಾಗಿ ಬೆರೆತ ಕಡೆ, ನಾಟಿ ದನ ಹೆಚ್ಚಿದ್ದ ಕಡೆ. ಇದನ್ನು ಓದುವಾಗ ನನ್ನ ಕಣ್ಣೆದುರು ಬಂದದ್ದು ಹೊನ್ನಾವರದಿಂದ ಗೇರುಸೊಪ್ಪ ದಾಟಿ ಮಾಲೆಮನೆ ಘಟ್ಟ ಹತ್ತುವ ದಾರಿಯೇ. ಹಾಗೆಂದು ತೋಟ ಮಾಡಿದ್ದೇ ತಪ್ಪು, ದನ ಸಾಕಿದ್ದೇ ತಪ್ಪು ಎಂದಲ್ಲ. ಆ ಭೂಮಿಯಲ್ಲಿ ಬದುಕು ಕಟ್ಟಿಕೊಂಡವರು ನೀವು. ಸೊಪ್ಪು, ದರಕು, ಗೊಬ್ಬರವಿಲ್ಲದೆ ತೋಟವಿಲ್ಲ. ಅಪಾಯ ಎಲ್ಲಿ ಕೂತಿದೆ ಎಂದು ತಿಳಿದರೆ ಅದನ್ನು ಬಳಸಿ ನಡೆಯಬಹುದು, ಅಷ್ಟೇ.

ಶರಾವತಿ ಕಣಿವೆಯ ವಿಷಯದಲ್ಲಿ ನನಗೊಂದು ಕಳವಳವಿದೆ, ಇಲ್ಲೇ ಹೇಳಿಬಿಡುತ್ತೇನೆ. 2018ರ ಕೊನೆಗೆ ಶುರುವಾಗಿ 2019ರ ಬೇಸಿಗೆವರೆಗೂ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಗೆ ಹಲವರು ಬಲಿಯಾದರು. ಅದೂ ನಿಮ್ಮದೇ ಹೊಳೆಯ ಕಣಿವೆ. ಈಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕದ ಬಗ್ಗೆ, ಮರಗಳ ಬಗ್ಗೆ ಚರ್ಚೆಯಾಗುತ್ತಿದೆ, ಆಗಬೇಕಾದದ್ದೇ. ಆದರೆ ಕಾಡಿನ ನಡುವೆ ಹೊಸ ದಾರಿ, ಹೊಸ ಅಂಚು, ನೂರಾರು ಕೆಲಸಗಾರರ ಬಿಡಾರ ಬರುವಲ್ಲಿ ಉಣುಗಿನ ಲೆಕ್ಕವನ್ನೂ ಕೇಳಬೇಕು. ಕೆಲಸಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಅದರಲ್ಲಿ ವೈರಸ್ ಇತ್ತೇ, ಇದ್ದರೆ ಯಾವ ಕವಲಿನದು. ಬೆಳ್ತಂಗಡಿಯ ಗೇರುತೋಟದ ಕಾಲದಲ್ಲಿ ಕವಲು ಗುರುತಿಸಲು ಸಾಧನವಿರಲಿಲ್ಲ. ಈಗ ಇದೆ.

ಇನ್ನೊಂದು ಸಂಗತಿ, ಉಣುಗಿನ ಹೊಟ್ಟೆಯದು. ಉಣುಗು ಜೀವಮಾನವಿಡೀ ರಕ್ತವನ್ನಷ್ಟೇ ಕುಡಿಯುತ್ತದೆ. ರಕ್ತದಲ್ಲಿ ಬಿ ಗುಂಪಿನ ವಿಟಮಿನ್ ಕಡಿಮೆ. ಅನೇಕ ಜಾತಿಗಳಲ್ಲಿ ಅದನ್ನು ತುಂಬಿಕೊಡುವುದು ಉಣುಗಿನ ಮೈಯೊಳಗೇ ಬಾಳುವ ಕಾಕ್ಸಿಯೆಲ್ಲಾ ಬಗೆಯ ಬ್ಯಾಕ್ಟೀರಿಯಾ. ತಾಯಿಯಿಂದ ಮೊಟ್ಟೆಗೆ ಇಳಿದು ಬರುವ ಬಾಡಿಗೆದಾರ ಇದು. ಹೀಮಾಫೈಸಾಲಿಸ್ ಕುಲದ ಉಣುಗುಗಳಲ್ಲೂ ಇದು ಸಿಕ್ಕಿದೆ. ಇದು ತಿಳಿದದ್ದೂ ಜೀನೋಮ್ ಓದಿಯೇ, ಯಾಕೆಂದರೆ ಇವುಗಳನ್ನು ಹೊರಗೆ ತೆಗೆದು ಬೆಳೆಸುವುದು ಬಹಳ ಕಷ್ಟ. ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿದರೆ ಉಣುಗು ಸರಿಯಾಗಿ ಬೆಳೆಯುವುದಿಲ್ಲ, ಮೊಟ್ಟೆಯೂ ಕಡಿಮೆ. ಮುಂದೊಂದು ದಿನ ಉಣುಗನ್ನು ಹತೋಟಿಗೆ ತರುವ ದಾರಿ ಇಲ್ಲೇ ತೆರೆದರೂ ತೆರೆಯಬಹುದು. ನಿಮ್ಮ ಬೆಟ್ಟದಿಂದ ಕೊಳವೆಯಲ್ಲಿ ಹೋದದ್ದು ಒಂದು ವೈರಸ್ ಮಾತ್ರವಲ್ಲ, ಒಂದು ಸಣ್ಣ ಊರೇ.

ನೀವು ಇನ್ನು ಮಾಡಬಹುದಾದದ್ದು. ಮಂಗ ಬಿದ್ದ ಜಾಗದ ಸುತ್ತಿನ ದರಕನ್ನು ಈ ಹಂಗಾಮಿನಲ್ಲಿ ಕೊಟ್ಟಿಗೆಗೆ ತರಬೇಡಿ, ಆ ಕಡೆ ದನ ಬಿಡಬೇಡಿ. ಬೆಟ್ಟಕ್ಕೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಿವಿ ಹಿಂದೆ, ಸೊಂಟದಲ್ಲಿ, ಕಂಕುಳಲ್ಲಿ ಹುಡುಕಿ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜ್ವರ, ಸಹಿಸಲಾಗದ ತಲೆನೋವು ಬಂದರೆ ಎರಡು ದಿನ ಕಾಯಬೇಡಿ. ಹೋದ ಕಡೆ, ಕಾಡಿಗೆ ಹೋಗಿದ್ದೆವು, ಇಂಥ ದಿನ ಅಲ್ಲಿ ಮಂಗ ಸತ್ತಿತ್ತು ಎಂದು ನೀವಾಗಿಯೇ ಹೇಳಿ. ವೈದ್ಯರು ಕೇಳಲಿ ಎಂದು ಸುಮ್ಮನಿರಬೇಡಿ.

ಮತ್ತೆ ಮಂಗ ಸತ್ತದ್ದು ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ಹಿಂದಿನ ಸಲದಂತೆಯೇ ಫೋನು ಮಾಡಿ. ಅದರ ಜೊತೆಗೆ ನಿಮ್ಮದೇ ಒಂದು ಪುಸ್ತಕದಲ್ಲಿ ಬರೆದಿಡಿ. ತಾರೀಕು. ಜಾಗ, ಸರ್ವೆ ನಂಬರ್ ಇದ್ದರೆ ಅದೂ. ಮುಸಿಯವೋ ಕೆಂಪು ಮಂಗವೋ. ಒಂದೋ, ಆ ವಾರದಲ್ಲಿ ಇನ್ನೆಷ್ಟೋ. ಆಚೆ ವರ್ಷ ಅಲ್ಲಿ ಮರ ಕಡಿದಿದ್ದರೇ, ಹೊಸ ದಾರಿ ಬಂದಿತ್ತೇ, ದನ ಮೇಯುತ್ತಿತ್ತೇ. ಮಾದರಿ ಒಯ್ದವರಿಂದ ಫಲಿತಾಂಶ ಕೇಳಿ ಪಡೆಯಿರಿ, ಅದನ್ನೂ ಅಲ್ಲೇ ಬರೆಯಿರಿ. ಜೀನೋಮಿನ ಹತ್ತು ಸಾವಿರ ಅಕ್ಷರಕ್ಕೆ ನಿಮ್ಮ ಆ ನಾಲ್ಕು ಸಾಲು ಸೇರಿದರೇನೇ ಅದು ಯಾವ ಕಾಡಿನ, ಯಾವ ಬೇಸಿಗೆಯ ವೈರಸ್ ಎಂದು ಗೊತ್ತಾಗುವುದು. ಪುಣೆಯ ಶೀತಪೆಟ್ಟಿಗೆಯಲ್ಲಿ 1957ರ ಕೊಳವೆ ಇವತ್ತಿಗೂ ಮಾತಾಡುತ್ತಿದ್ದರೆ ಅದರ ಮೇಲೆ ಅಂದು ಯಾರೋ ಊರು, ದಿನ ಬರೆದಿಟ್ಟದ್ದರಿಂದ. ಸಿದ್ದಾಪುರದ ಆ ಹುಡುಗ ಹೇಳಿದಂತೆ, ಪೆನ್ಸಿಲ್ಲಿನಲ್ಲೇ ಬರೆಯಿರಿ.